ಐದು ರೂಪಾಯಿಯ ಲಾಕು

ರಾತ್ರಿ ಹನ್ನೊಂದೂಮುಕ್ಕಾಲಿಗೆ ಫೋನು ಬಂದರೆ ಯಾರ ಎದೆ ತಾನೇ ಹೊಡೆದುಕೊಳ್ಳುವುದಿಲ್ಲ? ಹೋದ ನವೆಂಬರ್ ತಿಂಗಳಲ್ಲಿ ಒಂದು ರಾತ್ರಿ ಮತ್ತಿಗಿರಿಯ ನಮ್ಮ ಮನೆಯಲ್ಲಿ ಹಾಗೆ ಫೋನು ಬಡಿದುಕೊಂಡಿತು. ಮಾತನಾಡಿದವನು ನಮ್ಮ ಅಕ್ಕನ ಮಗ. "ಮಾವಾ, ಗೇರ್ ಲಿವರು ಮತ್ತೆ ಕಳಚಿಕೊಳ್ತು. ರಾಡಿನಲ್ಲಿ ನೇತಾಡ್ತಾ ಇದೆ. ಲಾಕು ಎಲ್ಲಿ ಬಿತ್ತೋ ಕಾಣಿಸ್ತಿಲ್ಲ" ಎಂದ. ಎಲ್ಲಿದ್ದೀಯಪ್ಪಾ ಎಂದು ಕೇಳಿದರೆ, ಡೆಂಕಣಿಕೋಟೆಗೆ ಇನ್ನೂ ಎಂಟು ಕಿಲೋಮೀಟರ್ ಇರುವ ಕಡೆ, ದೀಪವಿಲ್ಲದ ರಸ್ತೆಯ ಬದಿಯಲ್ಲಿ ನಿಂತಿದ್ದಾನೆ. ಇದು ಮೂರನೆಯ ಸಲ.

ನಮ್ಮ ಸೀಮೆಯವರಲ್ಲದ ಓದುಗರಿಗೆ ಇಲ್ಲಿ ಒಂದು ಮಾತು ತಿಳಿಸಬೇಕು. ನವೆಂಬರ್ ಎಂದರೆ ಹೊಸೂರು, ತಳಿ, ಡೆಂಕಣಿಕೋಟೆ ಸುತ್ತಿನಲ್ಲಿ ರಾಗಿ ತೆನೆ ಬಲಿತು ಕುಯ್ಲಿಗೆ ಬರುವ ಕಾಲ. ಬನ್ನೇರುಘಟ್ಟದ ಕಾಡಿನಿಂದ ಜವಳಗಿರಿ, ತಳಿಯ ದಾರಿ ಹಿಡಿದು ಆನೆಗಳ ಹಿಂಡು ಈ ಕಡೆಗೆ ಇಳಿಯುವ ಕಾಲವೂ ಅದೇ. ಸಂಜೆಯ ಮೇಲೆ ಒಬ್ಬೊಬ್ಬರೇ ಓಡಾಡಬೇಡಿ ಎಂದು ಅರಣ್ಯ ಇಲಾಖೆಯವರು ಹಳ್ಳಿ ಹಳ್ಳಿಗೆ ಹೇಳಿಸುತ್ತಾರೆ. ಹೇಳಿಸಿದರೆ ಆಯಿತೇ? ಎರಡನೇ ಶಿಫ್ಟು ಮುಗಿಯುವುದು ರಾತ್ರಿ ಹತ್ತೂವರೆಗೆ. ಮನೆ ಸೇರಲೇಬೇಕು.

ಆ ರಾತ್ರಿ ನಾವು ಮಾಡಿದ್ದೇನು? ಹಾಸಿಗೆಯಲ್ಲಿ ಕುಳಿತೇ ಹುಡುಗನನ್ನು ಬೈದೆವು. "ಗೇರ್ ಹಾಕೋದು ಅಂದ್ರೆ ಒದೆಯೋದಲ್ಲಪ್ಪಾ! ನಿನ್ನ ಕಾಲಿಗೆ ಸಿಕ್ಕ ಗಾಡಿ ಹಾಳಾಗದೆ ಇನ್ನೇನಾಗುತ್ತೆ? ನಮ್ಮ ಹತ್ತಿರ ಇದ್ದಾಗ ಒಂದು ದಿನ ಲಾಕು ಬಿದ್ದಿದ್ದು ಉಂಟಾ?" ಎಂದೆವು. ಅವನು ಎದುರು ಮಾತನಾಡಲಿಲ್ಲ. ಲಿವರನ್ನು ಕೈಯಲ್ಲಿ ಒತ್ತಿ ಎರಡನೇ ಗೇರಿಗೆ ಹಾಕಿ, ಕರ್ಚೀಫಿನಿಂದ ಅದನ್ನು ಫುಟ್‌ರೆಸ್ಟಿಗೆ ಕಟ್ಟಿ, ಅದೇ ಗೇರಿನಲ್ಲಿ ಮೆಲ್ಲಗೆ ಹೊರಟ. ಒಂದೆರಡು ಮೈಲಿ ಹೋಗುವಷ್ಟರಲ್ಲಿ ಮುಂದೆ ಲಾರಿಗಳು ದೀಪ ಆರಿಸಿ ನಿಂತಿದ್ದವಂತೆ. ಹಿಂಡು ರಸ್ತೆ ದಾಟುತ್ತಿತ್ತು. ಲಾರಿಯವರಿಗೆ ಸುತ್ತ ತಗಡಾದರೂ ಇತ್ತು. ಇವನಿಗೆ, ಹಿಂದಕ್ಕೆ ತಿರುಗಿ ಓಡಿಸೋಣವೆಂದರೆ ಗೇರಿಲ್ಲದ ಗಾಡಿ. ಮನೆ ಸೇರಿದಾಗ ಎರಡು ಗಂಟೆ. ಅಕ್ಕ ಬಾಗಿಲಲ್ಲೇ ಕುಳಿತಿದ್ದಳು.

ಮರುದಿನ ಅವನು ಶಿಫ್ಟಿಗೆ ಹೋಗಲಿಲ್ಲ. ಗುತ್ತಿಗೆ ಕೆಲಸ, ಒಂದು ದಿನ ತಪ್ಪಿದರೆ ತಿಂಗಳ ಹಾಜರಿ ಭತ್ಯೆ ಹೋಯಿತು. ಅದಕ್ಕಿಂತ ಹೆಚ್ಚಾಗಿ, ಮೂರು ದಿನ ಬಿಟ್ಟು ಅವನು ಗಾಡಿಯನ್ನು ನಮ್ಮ ಮನೆಗೆ ತಂದು ನಿಲ್ಲಿಸಿ ಕೀಲಿಯನ್ನು ಮೇಜಿನ ಮೇಲೆ ಇಟ್ಟ. "ಅಮ್ಮ ಕೊಟ್ಟು ಬಾ ಅಂದ್ಲು ಮಾವಾ. ಕೆಲಸ ಹೋದ್ರೂ ಪರವಾಗಿಲ್ಲವಂತೆ" ಎಂದ. ಭಾವ ತೀರಿಕೊಂಡ ಮೇಲೆ ಆ ಮನೆಗೆ ಬರುವ ಸಂಬಳ ಅದೊಂದೇ. ಕೀಲಿ ಮೇಜಿನ ಮೇಲಿತ್ತು. ನಾವು ಅದನ್ನು ಮುಟ್ಟಲಿಲ್ಲ.

ಗೇರ್ ಲಿವರಿನ ಬಗ್ಗೆ ನಮ್ಮೂರಿನವರಿಗೆ ಹೇಳಲು ಹೊರಡುವುದು ಕೊಲ್ಲಿಯಲ್ಲಿ ಕಲ್ಲು ಮಾರಿದ ಹಾಗೆ. ಟಿವಿಎಸ್ 50 ಮೊಪೆಡ್ 1980ರಲ್ಲಿ ರಸ್ತೆಗೆ ಇಳಿದದ್ದು ಹೊಸೂರಿನಿಂದಲೇ. ಪುಣ್ಯಕ್ಕೆ ಅದಕ್ಕೆ ಗೇರ್ ಲಿವರೇ ಇರಲಿಲ್ಲ! 1984ರಲ್ಲಿ ಇಂಡ್-ಸುಜುಕಿ ಬಂದ ಮೇಲೆ ಎಡಗಾಲಿಗೆ ಕೆಲಸ ಬಂತು. ಹಳೆಯ ಬುಲೆಟ್ ಇಟ್ಟಿದ್ದವರಿಗೆ ಗೇರು ಬಲಗಾಲಿನಲ್ಲಿ. ಮೈಸೂರಿನಲ್ಲಿ 1996ರವರೆಗೆ ತಯಾರಾಗುತ್ತಿದ್ದ ಜಾವಾ, ಯೆಜ್ಡಿಗಳಲ್ಲಂತೂ ಗೇರ್ ಲಿವರೇ ಮೇಲಕ್ಕೆ ತಿರುಗಿ ಕಿಕ್ಕರೂ ಆಗುತ್ತಿತ್ತು. ಒಂದೇ ಕಬ್ಬಿಣಕ್ಕೆ ಎರಡು ಕೆಲಸ. ಅದಕ್ಕೂ ಮೊದಲು ಮೋಟಾರ್ ಸೈಕಲ್ಲುಗಳ ಗೇರನ್ನು ಕೈಯಿಂದಲೇ ಬದಲಿಸಬೇಕಿತ್ತು. ಒಂದು ಸಲ ಒತ್ತಿದರೆ ಒಂದು ಗೇರು ಬದಲಾಗಿ, ಲಿವರು ತಾನಾಗಿಯೇ ಮೊದಲಿನ ಜಾಗಕ್ಕೆ ಬಂದು ನಿಲ್ಲುವ ಉಪಾಯವನ್ನು 1920ರ ದಶಕದ ಕೊನೆಯಲ್ಲಿ ಇಂಗ್ಲೆಂಡಿನ ವೆಲೊಸೆಟ್ ಕಂಪನಿಯ ಹೆರಾಲ್ಡ್ ವಿಲ್ಲಿಸ್ ರೇಸಿನ ಗಾಡಿಗೆಂದು ಮಾಡಿದರು. ಇಂದು ನಾವೆಲ್ಲ ತುಳಿಯುವುದು ಅದೇ ಬಗೆಯದನ್ನು.

ಈಗಿನ ಗಾಡಿಗಳಲ್ಲಿ ಈ ಲಿವರು ಎರಡು ರೀತಿಯಲ್ಲಿ ಕೂರುತ್ತದೆ. ಹೆಚ್ಚಿನ ಸಾಧಾರಣ ಗಾಡಿಗಳಲ್ಲಿ ಎಂಜಿನಿನಿಂದ ಹೊರಗೆ ಬಂದಿರುವ ಹಲ್ಲುಹಲ್ಲಿನ ಶಾಫ್ಟಿಗೇ ಲಿವರನ್ನು ತೂರಿಸಿ, ಹತ್ತು ನಂಬರಿನ ಸ್ಪ್ಯಾನರಿನಿಂದ ಒಂದು ಬೋಲ್ಟು ಬಿಗಿದರೆ ಮುಗಿಯಿತು. ಅದಕ್ಕೆ ಲಾಕೂ ಇಲ್ಲ, ತಲೆನೋವೂ ಇಲ್ಲ. ಕಾಲಿಡುವ ಜಾಗ ಸ್ವಲ್ಪ ಹಿಂದಿರುವ ಗಾಡಿಗಳಲ್ಲಿ ಹಾಗಾಗದು. ಅಲ್ಲಿ ಲಿವರು ಫುಟ್‌ರೆಸ್ಟಿನ ಪಟ್ಟಿಯ ಮೇಲಿರುವ ಒಂದು ಪಿನ್ನಿನ ಸುತ್ತ ತಿರುಗುತ್ತದೆ. ಅಲ್ಲಿಂದ ಒಂದು ಸಣ್ಣ ರಾಡು ಎಂಜಿನಿನ ಶಾಫ್ಟಿಗೆ ಹೋಗುತ್ತದೆ. ಪಿನ್ನಿನಿಂದ ಲಿವರು ಜಾರದಂತೆ ಒಂದು ವಾಷರು, ಅದರ ಮೇಲೆ ಒಂದು ಲಾಕು. ಪುಸ್ತಕದಲ್ಲಿ ಸರ್‌ಕ್ಲಿಪ್ ಎಂದಿರುತ್ತದೆ. ಗ್ಯಾರೇಜಿನಲ್ಲಿ ಎಲ್ಲರಿಗೂ ಅದು ಲಾಕು. ನಮ್ಮ ಗಾಡಿ ಈ ಎರಡನೆಯ ಜಾತಿಯದು. ಕಂಪನಿಯ ಹೆಸರು ಬೇಡ, ತಪ್ಪು ಅವರದಾಗಿರಲಿಲ್ಲ.

ಮೊದಲ ಸಲ ಲಾಕು ಬಿದ್ದಾಗ ಹುಡುಗ ದಾರಿಯಲ್ಲಿ ಸಿಕ್ಕ ಗ್ಯಾರೇಜಿನಲ್ಲಿ ಹೊಸದು ಹಾಕಿಸಿದ. ಐದು ರೂಪಾಯಿ ಲಾಕಿಗೆ, ಇಪ್ಪತ್ತು ರೂಪಾಯಿ ಕೂಲಿ. ಮೂರು ವಾರ ಬಂತು. ಎರಡನೆಯ ಸಲ ನಾವೇ ಹಾರ್ಡ್‌ವೇರ್ ಅಂಗಡಿಯಿಂದ ಒಂದು ತಂದು, ಸ್ಕ್ರೂಡ್ರೈವರಿನಿಂದ ಬಾಯಿ ಅಗಲಿಸಿ ಕೂರಿಸಿದೆವು. ಅದು ಒಂಬತ್ತು ದಿನ ಬಂತು. ಮೂರನೆಯದರ ಕಥೆ ಹೇಳಿಯಾಯಿತು. ಹೀಗೆ ಪ್ರತಿಸಲವೂ ಅವಧಿ ಕಡಿಮೆಯಾಗುತ್ತಿದ್ದದ್ದನ್ನು ನಾವು ಗಮನಿಸಬೇಕಿತ್ತು. ಜ್ವರ ಬಂದಾಗಲೆಲ್ಲ ಮಾತ್ರೆ ನುಂಗಿಸಿ, ಜ್ವರ ಯಾಕೆ ಬರುತ್ತಿದೆ ಎಂದು ಕೇಳದ ಮನೆಯವರ ಹಾಗಾಯಿತು ನಮ್ಮ ಸ್ಥಿತಿ.

ಗಾಡಿ ಅಂಗಳದಲ್ಲಿ ನಿಂತು ಒಂದು ವಾರವಾಗಿರಬೇಕು. ಕೆಲಮಂಗಲದಿಂದ ನಮ್ಮ ದೊಡ್ಡಪ್ಪ ಬಂದರು. ಎಂಬತ್ತು ದಾಟಿದ ಜೀವ. ಒಂದು ಕಾಲಕ್ಕೆ ಎತ್ತಿನ ಗಾಡಿಯಲ್ಲಿ ರಾಗಿ, ಹುಣಸೆಹಣ್ಣು ಹೇರಿಕೊಂಡು ಹೊಸೂರು ಸಂತೆಗೆ ಬರುತ್ತಿದ್ದವರು. ದಾರಿಯಲ್ಲಿ ಮತ್ತಿಗಿರಿಯ ಸರ್ಕಾರಿ ಜಾನುವಾರು ಕ್ಷೇತ್ರದ ಎತ್ತುಗಳನ್ನು ನೋಡಲೆಂದೇ ಗಾಡಿ ನಿಲ್ಲಿಸುತ್ತಿದ್ದರಂತೆ. 1824ರಲ್ಲಿ ಆರಂಭವಾದ ಆ ಕ್ಷೇತ್ರ ಈಗಲೂ ಇದೆ. ಎತ್ತು ನೋಡಲು ನಿಲ್ಲುವವರು ಮಾತ್ರ ಇಲ್ಲ. ಗಾಡಿ ಯಾಕೆ ಹೀಗೆ ನಿಂತಿದೆ ಎಂದು ಕೇಳಿದರು. ಹೇಳಿದೆವು. ಹುಡುಗನ ಕಾಲಿನ ವಿಚಾರವನ್ನೂ ಸೇರಿಸಿಯೇ ಹೇಳಿದೆವು.

ದೊಡ್ಡಪ್ಪ ಮೋಟಾರ್ ಸೈಕಲ್ ಹತ್ತಿದವರಲ್ಲ. ಬಗ್ಗಿ ಆ ಪಿನ್ನನ್ನು ಬೆರಳಿನಿಂದ ಸವರಿ ನೋಡಿ, "ಇದು ಕಡಾಣಿ ಅಲ್ವೇನಪ್ಪಾ?" ಎಂದರು.

ಕಡಾಣಿ ಎಂದರೆ ಈಗಿನ ಮಕ್ಕಳಿಗೆ ತಿಳಿಯದಿರಬಹುದು. ಎತ್ತಿನ ಗಾಡಿಯ ಅಚ್ಚಿನ ತುದಿಯಲ್ಲಿ, ಚಕ್ರ ಹೊರಗೆ ಬಾರದ ಹಾಗೆ ಹೊಡೆಯುವ ಕಬ್ಬಿಣದ ಮೊಳೆ. ಕಡೆಗೀಲು ಎಂದೂ ಅನ್ನುತ್ತಾರೆ. ದೊಡ್ಡಪ್ಪನ ಗಾಡಿಯಲ್ಲಿಯೂ ಒಂದು ವರ್ಷ ಎಡಗಡೆಯ ಕಡಾಣಿ ಪದೇ ಪದೇ ಮುರಿಯುತ್ತಿತ್ತಂತೆ. ಕುಲುಮೆಯವನು ದಪ್ಪನೆಯ ಕಡಾಣಿ ಮಾಡಿಕೊಟ್ಟ. ಅದೂ ಸವೆದು ಹೋಯಿತು. ಕೊನೆಗೆ ನೋಡಿದರೆ ಅಚ್ಚೇ ಒಂದು ಕಡೆಗೆ ಬಾಗಿತ್ತು. "ಕಡಾಣಿ ಇರೋದು ಚಕ್ರ ಹೊತ್ಕೊಳ್ಳೋಕಲ್ಲ ಕಣಪ್ಪಾ. ಸುಮ್ನೆ ಬಾಗ್ಲಲ್ಲಿ ಕೂತ್ಕೊಂಡು ಕಾಯೋಕೆ. ಚಕ್ರಾನೇ ಹೊರಕ್ಕೆ ನೂಕ್ತಾ ಇದ್ರೆ ಅದು ಎಷ್ಟು ದಿನ ತಡೀತದೆ? ಕಡಾಣೀನ ನೋಡ್ಬೇಡ. ನೂಕೋನು ಯಾವನು ಅಂತ ನೋಡು" ಎಂದರು. ಹೇಳಿ ಕಾಫಿ ಕುಡಿದು ಬಸ್ಸಿಗೆ ಹೊರಟರು.

ಆ ಭಾನುವಾರ ಪೂಜೆ ಮುಗಿಸಿ ಬಂದು, ಊಟವಾದ ಮೇಲೆ ಹುಡುಗನನ್ನು ಕರೆಸಿ ಇಬ್ಬರೂ ಅಂಗಳದಲ್ಲಿ ಕುಳಿತೆವು. ಬರಲೋ ಬೇಡವೋ ಎನ್ನುವ ಹಾಗೆ ಬಂದಿದ್ದ. ಪರಿಚಯದ ಲೇತ್ ಮೇಸ್ತ್ರಿಯೊಬ್ಬರು ಸಿಪ್‌ಕಾಟ್ ಹತ್ತಿರ ಸಣ್ಣ ಶೆಡ್ಡು ಇಟ್ಟುಕೊಂಡಿದ್ದಾರೆ. ಅವರೂ ವರ್ನಿಯರ್ ಹಿಡಿದುಕೊಂಡು ಬಂದರು. ಗಿರಾಕಿಗೆ ತಕ್ಕಂತೆ ತಮಿಳು, ತೆಲುಗು, ಕನ್ನಡ ಮೂರನ್ನೂ ಒಂದೇ ಉಸಿರಿನಲ್ಲಿ ಆಡುವ ಮನುಷ್ಯ.

ಮೊದಲು ಅವರು ಮಾಡಿದ ಪರೀಕ್ಷೆ ಬಹಳ ಸರಳವಾದದ್ದು. ಇಂಥ ಗಾಡಿ ಇರುವವರು ಮನೆಯಲ್ಲೇ ಮಾಡಿ ನೋಡಬಹುದು. ಎಂಜಿನ್ ಆರಿಸಿ, ಗಾಡಿಯನ್ನು ದೊಡ್ಡ ಸ್ಟ್ಯಾಂಡಿನ ಮೇಲೆ ನಿಲ್ಲಿಸಿ, ಲಾಕನ್ನೇ ಹಾಕದೆ ಲಿವರನ್ನು ಬರೀ ಪಿನ್ನಿನ ಮೇಲೆ ಏರಿಸಿದರು. ಹಿಂದಿನ ಚಕ್ರವನ್ನು ಕೈಯಿಂದ ಸ್ವಲ್ಪ ಸ್ವಲ್ಪ ತಿರುಗಿಸುತ್ತಾ ಲಿವರನ್ನು ಮೇಲೆ, ಕೆಳಗೆ ಮೆಲ್ಲಗೆ ಆಡಿಸಿದರು. ಎಲ್ಲ ಸರಿಯಿದ್ದರೆ ಅದು ಇದ್ದಲ್ಲೇ ಇರಬೇಕು. ನಮ್ಮದು? ಒಂದು ಸಲ ಎತ್ತಿದರೆ ಒಂದು ಕೂದಲೆಳೆಯಷ್ಟು ಹೊರಗೆ. ಇನ್ನೊಂದು ಸಲ ಎತ್ತಿದರೆ ಇನ್ನಷ್ಟು. ಹತ್ತು ಸಲ ಆಗುವಷ್ಟರಲ್ಲಿ ಯಾರೂ ಎಳೆಯದೆಯೇ ಲಿವರು ತಾನಾಗಿ ಪಿನ್ನಿನಿಂದ ನಡೆದು ಹೊರಗೆ ಬಂದು ನೇತಾಡಿತು. ಹುಡುಗ ನಮ್ಮ ಮುಖ ನೋಡಿದ. ಅಲ್ಲಿ ಯಾರ ಕಾಲೂ ಇರಲಿಲ್ಲವಲ್ಲ!

ಹೊಸೂರಿನಿಂದ ಡೆಂಕಣಿಕೋಟೆಗೆ ಹೋಗುವಾಗ ಎಷ್ಟು ಸಲ ಗೇರು ಬದಲಿಸುತ್ತೀಯ ಎಂದು ಮೇಸ್ತ್ರಿ ಕೇಳಿದರು. ಅವನು ಒಂದು ದಿನ ಎಣಿಸಿದ್ದನಂತೆ, ನೂರಾ ನಲವತ್ತು. ಹೋಗಿ ಬರಲು ಇನ್ನೂರ ಎಂಬತ್ತು. ಅಷ್ಟು ಸಲವೂ ಆ ಐದು ರೂಪಾಯಿಯ ಲಾಕಿನ ಬೆನ್ನಿಗೆ ಗುದ್ದು.

ಆ ಲಾಕು ನಿಂತಿರುವುದಾದರೂ ಎಷ್ಟರ ಮೇಲೆ ಎಂಬುದು ನಮಗೆ ಅಂದು ತಿಳಿಯಿತು, ತಿಳಿದು ಆಶ್ಚರ್ಯವೂ ಆಯಿತು. ನಮ್ಮ ಪಿನ್ನಿನ ದಪ್ಪ 12 ಮಿಲಿಮೀಟರ್. ಅದರ ತುದಿಯ ಹತ್ತಿರ ಸುತ್ತಲೂ ಒಂದು ಗಾಡಿ ಕೊರೆದಿರುತ್ತದೆ. ಇಲ್ಲಿ ಗಾಡಿ ಎಂದರೆ ಕಾಲುವೆಯಂಥ ಗೆರೆ; ಲೇತಿನವರ ಬಾಯಲ್ಲಿ ಗ್ರೂವ್. ಅಲ್ಲಿ ಪಿನ್ನಿನ ದಪ್ಪ 11.5 ಮಿಲಿಮೀಟರ್. ಅಂದರೆ ಒಂದೊಂದು ಬದಿಗೆ ಕಾಲು ಮಿಲಿಮೀಟರ್ ಮೆಟ್ಟಿಲು, ಅಷ್ಟೇ. ಲಾಕಿನ ಒಳಗಿನ ಅಳತೆ, ಅದು ಬಿಡಿಯಾಗಿರುವಾಗ, ಇನ್ನೂ ಚಿಕ್ಕದು, 11 ಮಿಲಿಮೀಟರ್. ಹಾಗಾಗಿ ಅದು ಗ್ರೂವಿನ ತಳವನ್ನು ಅಪ್ಪಿ ಹಿಡಿದುಕೊಳ್ಳುತ್ತದೆ. ಲಾಕಿನ ದಪ್ಪ 1 ಮಿಲಿಮೀಟರ್, ಗ್ರೂವಿನ ಅಗಲ 1.1. ಇಷ್ಟು ಸಣ್ಣ ಲೆಕ್ಕದ ಮೇಲೆ ಹುಡುಗನ ಎಡಗಾಲು ನಿಂತಿತ್ತು.

ಈಗ ನಾವು ಸ್ಕ್ರೂಡ್ರೈವರಿನಿಂದ ಬಾಯಿ ಅಗಲಿಸಿದ ಕಥೆ ನೆನಪು ಮಾಡಿಕೊಳ್ಳಿ. ಲಾಕು ಸ್ಪ್ರಿಂಗ್ ಉಕ್ಕಿನದು. 12ರ ಪಿನ್ನನ್ನು ದಾಟುವಷ್ಟು ಮಾತ್ರ ಅದನ್ನು ಬಿಚ್ಚಬೇಕು. ಅದಕ್ಕೆಂದೇ ತುದಿಯಲ್ಲಿ ಎರಡು ತೂತು, ಅದಕ್ಕೆಂದೇ ಮೊನೆಯುಳ್ಳ ಸರ್‌ಕ್ಲಿಪ್ ಪ್ಲೈಯರ್. ನಾವು ಮಾಡಿದ ಹಾಗೆ ಎಡಕ್ಕೂ ಬಲಕ್ಕೂ ತಿರುಚಿ ಹದಿನಾಲ್ಕಕ್ಕೆ ಅಗಲಿಸಿದರೆ ಅದು ಮತ್ತೆ ಹನ್ನೊಂದಕ್ಕೆ ಬರುವುದಿಲ್ಲ. ಕೂರಿಸಿದ ಮೇಲೆ ಬೆರಳಿನಿಂದ ಮುಟ್ಟಿದರೆ ಬಳೆಯ ಹಾಗೆ ಗಿರಗಿರ ತಿರುಗಿದರೆ ಅದರ ಹಿಡಿತ ಹೋಗಿದೆ ಎಂದೇ ತಿಳಿಯಬೇಕು. ತೆಗೆದ ಲಾಕನ್ನು ಮತ್ತೆ ಹಾಕಬಾರದು ಎಂದು ಮೇಸ್ತ್ರಿಗಳು ಹೇಳುವುದು ವ್ಯಾಪಾರಕ್ಕಲ್ಲ.

ಇನ್ನೊಂದು ಸೂಕ್ಷ್ಮ. ಲಾಕನ್ನು ಬೆಳಕಿಗೆ ಹಿಡಿದು ಉಗುರಿನಿಂದ ಸವರಿ. ಒಂದು ಮುಖದ ಅಂಚು ದುಂಡಗೆ, ಇನ್ನೊಂದು ಮುಖದ ಅಂಚು ಚೂಪಾಗಿರುತ್ತದೆ. ತಗಡಿನಿಂದ ಅಚ್ಚು ಹೊಡೆದು ಮಾಡುವುದರಿಂದ ಹಾಗೆ. ದುಂಡಗಿನ ಮುಖ ಲಿವರಿನ ಕಡೆಗೆ, ಚೂಪು ಮುಖ ಹೊರಗೆ ಬರಬೇಕು. ಆಗ ಚೂಪು ಅಂಚು ಗ್ರೂವಿನ ಗೋಡೆಗೆ ಕಚ್ಚಿಕೊಳ್ಳುತ್ತದೆ. ತಿರುಗುಮುರುಗು ಹಾಕಿದರೆ ದುಂಡಗಿನ ಅಂಚು ಮೆಟ್ಟಿಲು ಹತ್ತಿ ಜಾರುತ್ತದೆ. ಇದನ್ನು ನಮಗೆ ಈ ವಯಸ್ಸಿನವರೆಗೆ ಯಾರೂ ಹೇಳಿರಲಿಲ್ಲ.

ನಂತರ ಒಂದೊಂದಾಗಿ ಹೊರಬಂತು. ವಾಷರು ಇರಲೇ ಇಲ್ಲ. ಮೊದಲ ಸಲ ಲಾಕಿನ ಜೊತೆ ಅದೂ ಬಿದ್ದುಹೋಗಿತ್ತು, ಹೊಸ ಲಾಕು ಹಾಕಿದವರು ಅದನ್ನು ಕೇಳಲಿಲ್ಲ, ನಾವೂ ಕೇಳಲಿಲ್ಲ. ವಾಷರು ಇಲ್ಲದಿದ್ದರೆ ಲಿವರು ತಿರುಗಿದಾಗಲೆಲ್ಲ ನೇರವಾಗಿ ಲಾಕನ್ನೇ ಉಜ್ಜಿ ತಿರುಗಿಸುತ್ತದೆ. ಗ್ರೂವಿನಲ್ಲಿ ನಮ್ಮ ಕೆಮ್ಮಣ್ಣು ಗ್ರೀಸಿನೊಡನೆ ಸೇರಿ ಇಟ್ಟಿಗೆಯಂತಾಗಿತ್ತು. ಲಾಕು ತಳ ಮುಟ್ಟಿಯೇ ಇರಲಿಲ್ಲ. ಅದನ್ನು ಸೀಮೆಎಣ್ಣೆಯಲ್ಲಿ ತೊಳೆದು ನೋಡಿದರೆ ಗ್ರೂವಿನ ಹೊರಗಿನ ಅಂಚು ಸವೆದು ದುಂಡಗಾಗಿತ್ತು. ಉಗುರು ಅಲ್ಲಿ ಸಿಕ್ಕಿಕೊಳ್ಳಬೇಕು, ಜಾರುತ್ತಿತ್ತು. ಲಿವರಿನ ತೂತನ್ನು ಅಳೆದರೆ 12.6. ಪಿನ್ನಿಗಿಂತ ಅರ್ಧ ಮಿಲಿಮೀಟರಿಗೂ ಹೆಚ್ಚು ಸಡಿಲ. ಅದೇನು ಮಹಾ ಎಂದುಕೊಂಡೆವು. ಮೇಸ್ತ್ರಿ ಲಿವರಿನ ತುದಿ ಹಿಡಿದು ಅಲ್ಲಾಡಿಸಿ ತೋರಿಸಿದರು. ತೂತಿನಲ್ಲಿ ಅರ್ಧ ಮಿಲಿಮೀಟರ್ ಆದದ್ದು ಕಾಲ್ಬೆರಳಿನ ತುದಿಯಲ್ಲಿ ಮೂರು ನಾಲ್ಕು ಮಿಲಿಮೀಟರ್ ಆಗುತ್ತದೆ. ಲಿವರು ಓರೆಯಾಗಿ ನಿಂತು ಲಾಕಿನ ಒಂದೇ ಬದಿಗೆ ಒತ್ತುತ್ತದೆ.

"ಇದೆಲ್ಲಾ ಆಮೇಲೆ ಆಗಿದ್ದು ಸಾರ್" ಎಂದರು ಮೇಸ್ತ್ರಿ. "ಮೊದಲು ಏನೋ ಆಗಿದೆ." ಗಾಡಿಯ ಹಿಂದೆ ಹೋಗಿ ನೆಲದ ಮೇಲೆ ಮಲಗಿ ಒಂದು ಕಣ್ಣು ಮುಚ್ಚಿ ನೋಡಿದರು. ನಮ್ಮನ್ನೂ ಮಲಗಿ ನೋಡಿ ಎಂದರು. ಎಂಜಿನಿನ ಶಾಫ್ಟು ಒಂದು ದಿಕ್ಕಿಗೆ, ನಮ್ಮ ಪಿನ್ನು ಇನ್ನೊಂದು ದಿಕ್ಕಿಗೆ. ಎರಡೂ ಸಮಾನಾಂತರವಾಗಿರಬೇಕಾದವು. ಪಿನ್ನು ಕೂತಿದ್ದ ಉಕ್ಕಿನ ಪಟ್ಟಿ ಒಳಕ್ಕೂ ಹಿಂದಕ್ಕೂ ಸ್ವಲ್ಪ ಬಾಗಿತ್ತು. ಹಾಗಾಗಿ ರಾಡು ನೇರವಾಗಿ ಎಳೆಯದೆ ಓರೆಯಾಗಿ ಎಳೆಯುತ್ತಿತ್ತು. ಎಳೆದಾಗಲೆಲ್ಲ ಲಿವರನ್ನು ಹೊರಗೆ ನೂಕುತ್ತಿತ್ತು. ದೊಡ್ಡಪ್ಪ ಕೇಳಿದ 'ನೂಕೋನು' ಇವನೇ.

"ಎಡಗಡೆಗೆ ಬಿದ್ದಿದೆ ಗಾಡಿ. ಓಡ್ತಾ ಬಿದ್ದಿದ್ದಲ್ಲ, ನಿಂತಲ್ಲೇ ಬಿದ್ದಿದ್ದು. ಯಾವಾಗ ಬಿತ್ತು ತಮ್ಮಾ?" ಎಂದು ಮೇಸ್ತ್ರಿ ಹುಡುಗನನ್ನು ಕೇಳಿದರು. "ನನ್ನ ಕೈಯಲ್ಲಿ ಒಂದ್ಸಲವೂ ಬಿದ್ದಿಲ್ಲ ಅಣ್ಣಾ" ಎಂದ ಅವನು. ನಾವು "ಸುಳ್ಳು ಹೇಳಬೇಡ" ಎಂದು ಬಾಯಿ ತೆರೆದವರು ಅಲ್ಲಿಗೇ ನಿಂತೆವು.

ಪ್ರಿಯ ಓದುಗರೇ, ಮಾವಿನ ಹಣ್ಣು ನೆನಪಾಯಿತು.

ಅದಕ್ಕೆ ಎರಡು ವರ್ಷದ ಹಿಂದೆ, ಮೇ ತಿಂಗಳಲ್ಲಿ, ನಾವು ಕೃಷ್ಣಗಿರಿಗೆ ಹೋಗಿದ್ದವರು ಒಂದು ಪೆಟ್ಟಿಗೆ ಮಾವಿನ ಹಣ್ಣನ್ನು ಹಿಂದಿನ ಸೀಟಿಗೆ ಕಟ್ಟಿಕೊಂಡು ಬಂದಿದ್ದೆವು. ಶೂಳಗಿರಿಯ ಏರಿಳಿತ, ಹೆದ್ದಾರಿಯ ಲಾರಿಗಳು, ಎಲ್ಲವನ್ನೂ ದಾಟಿ ಬಂದವರು ನಮ್ಮದೇ ಮನೆಯ ಗೇಟಿನ ಇಳಿಜಾರಿನಲ್ಲಿ, ಸ್ಟ್ಯಾಂಡು ಹಾಕುವಾಗ, ಪೆಟ್ಟಿಗೆಯ ಭಾರಕ್ಕೆ ಗಾಡಿಯನ್ನು ಎಡಕ್ಕೆ ಕೆಡವಿದೆವು. ಹಣ್ಣುಗಳು ಚರಂಡಿಯವರೆಗೆ ಉರುಳಿದವು. ಮನೆಯಲ್ಲಿ ಯಾರೂ ಇರಲಿಲ್ಲ. ಹಣ್ಣು ಆರಿಸಿ ಒರೆಸಿ, ಗಾಡಿ ಎತ್ತಿ, ಒಳಕ್ಕೆ ಬಾಗಿದ್ದ ಫುಟ್‌ರೆಸ್ಟಿಗೆ ಕಾಲಿನಿಂದ ಎರಡು ಒದೆ ಕೊಟ್ಟು ನೇರ ಮಾಡಿ ಸುಮ್ಮನಾದೆವು. ಒದೆದವರು ನಾವು. ಮನೆಯಾಕೆಗೂ ಹೇಳಲಿಲ್ಲ. ಆಮೇಲೆ ನಾವು ಆ ಗಾಡಿಯಲ್ಲಿ ಹೋಗುತ್ತಿದ್ದದ್ದು ಬಾಗಲೂರು ರಸ್ತೆಯ ತರಕಾರಿ ಅಂಗಡಿಗೂ ದೇವಾಲಯಕ್ಕೂ ಅಷ್ಟೇ. ದಿನಕ್ಕೆ ಹತ್ತಿಪ್ಪತ್ತು ಸಲ ಗೇರು ಬದಲಿಸಿದರೆ ಹೆಚ್ಚು. ಹುಡುಗನಿಗೆ ಕೆಲಸ ಸಿಕ್ಕಾಗ, ಬಹಳ ದೊಡ್ಡ ಮನಸ್ಸು ಮಾಡಿದ ಹಾಗೆ ಆ ಗಾಡಿಯನ್ನು ಅವನಿಗೆ ಕೊಟ್ಟೆವು. ದಿನಕ್ಕೆ ಐವತ್ತು ಕಿಲೋಮೀಟರ್ ಓಡಿದ ಮೇಲೆ, ನಮ್ಮ ಗೇಟಿನ ಬಳಿ ಆದ ಪೆಟ್ಟು ಡೆಂಕಣಿಕೋಟೆ ರಸ್ತೆಯಲ್ಲಿ ಹೊರಬಂತು.

ಹೇಳಲೇಬೇಕಾಯಿತು. ಮೇಸ್ತ್ರಿಯ ಎದುರಿಗೇ ಹೇಳಿದೆವು. ಅಡಿಗೆಮನೆಯ ಕಿಟಕಿಯಿಂದ ಮನೆಯಾಕೆಗೂ ಕೇಳಿಸಿತು ಎಂಬುದು ಆಮೇಲೆ ತಿಳಿಯಿತು.

ರಿಪೇರಿಯ ಮಾತಿಗೆ ಬರೋಣ. ಬಾಗಿದ ಪಟ್ಟಿಯನ್ನು ಬಡಿದು ನೇರ ಮಾಡಬಹುದಿತ್ತು. ಆದರೆ ಪಿನ್ನೂ ಅದಕ್ಕೇ ಸೇರಿತ್ತು, ಅದರ ಗ್ರೂವೂ ಕೆಟ್ಟಿತ್ತು. ಪಿನ್ನಿನ ಸಮೇತ ಹೊಸ ಪಟ್ಟಿಯೇ 480 ರೂಪಾಯಿಗೆ ಸ್ಪೇರ್ ಅಂಗಡಿಯಲ್ಲಿ ಸಿಕ್ಕಿತು. ಲಿವರಿನ ಸವೆದ ತೂತನ್ನು ಮೇಸ್ತ್ರಿ ಲೇತಿನಲ್ಲಿ ದೊಡ್ಡದು ಮಾಡಿ, ಗನ್‌ಮೆಟಲ್ ಬುಷ್ ಒತ್ತಿ, ಪಿನ್ನಿಗೆ ಸರಿಯಾಗಿ ಕೂರುವಂತೆ ಕೊರೆದರು, ಅದಕ್ಕೆ 200. ಹಳೆ ಪಟ್ಟಿ ಸಿಗದ ಗಾಡಿಗಳಿಗೆ ಅವರು ಇನ್ನೊಂದು ಉಪಾಯ ಮಾಡುತ್ತಾರಂತೆ. ಪಿನ್ನಿನ ತುದಿಗೆ 5 ಮಿಲಿಮೀಟರ್ ತೂತು ಕೊರೆದು, 6 ಮಿಲಿಮೀಟರ್ ಬೋಲ್ಟಿಗೆ ಮರೆ ಹಾಕಿ, ಅಗಲವಾದ ವಾಷರು ಇಟ್ಟು ಬಿಗಿಯುವುದು. ಆದರೆ ಪಿನ್ನಿನ ತುದಿ ಲಿವರಿಗಿಂತ ಒಂದು ಎಳೆ ಹೊರಗಿರಬೇಕು. ವಾಷರು ಪಿನ್ನಿಗೆ ಒತ್ತಬೇಕೇ ಹೊರತು ಲಿವರಿಗಲ್ಲ; ಇಲ್ಲವಾದರೆ ಲಿವರೇ ತಿರುಗುವುದಿಲ್ಲ. ಒಂದು ಗ್ಯಾರೇಜಿನ ಹುಡುಗ ಈ ಮೊದಲು ನಮಗೆ, "ವೆಲ್ಡ್ ಹೊಡೆದುಬಿಡೋಣ ಸಾರ್, ಜನ್ಮದಲ್ಲಿ ಬೀಳಲ್ಲ" ಎಂದಿದ್ದ. ಬೀಳುವುದಿಲ್ಲ ನಿಜ, ಗೇರೂ ಬೀಳುವುದಿಲ್ಲ!

ಎಲ್ಲ ಜೋಡಿಸುವ ಮುನ್ನ ಮತ್ತೆ ಅದೇ ಪರೀಕ್ಷೆ. ಲಾಕಿಲ್ಲದೆ ಇಪ್ಪತ್ತು ಸಲ ಆಡಿಸಿದರು. ಲಿವರು ಇದ್ದ ಜಾಗದಿಂದ ಕದಲಲಿಲ್ಲ. ಆಮೇಲೆ ಸ್ವಲ್ಪ ಗ್ರೀಸು, ವಾಷರು, ಕಡೆಗೆ ಲಾಕು. ಅದನ್ನು ಹುಡುಗನ ಕೈಯಲ್ಲೇ ಹಾಕಿಸಿದೆವು. ಪ್ಲೈಯರಿನಿಂದ ಬೇಕಾದಷ್ಟೇ ಬಿಚ್ಚಿ, ದುಂಡು ಮುಖ ಒಳಕ್ಕೆ ಮಾಡಿ ಅವನು ಕೂರಿಸಿದಾಗ 'ಟಕ್' ಎಂದು ಸಣ್ಣ ಸದ್ದು ಬಂತು. ಆ ಸದ್ದು ನಾವು ಸ್ಕ್ರೂಡ್ರೈವರಿನಿಂದ ಹಾಕಿದಾಗ ಬಂದಿರಲಿಲ್ಲ.

ದಾರಿಯಲ್ಲಿ ಲಾಕು ಬಿದ್ದವರಿಗೆ ಎರಡು ಮಾತು. ಇಂಥ ಲಿವರಿರುವ ಗಾಡಿಯ ಟೂಲ್ ಬಾಕ್ಸಿನಲ್ಲಿ ಎರಡು ಲಾಕು, ಒಂದು ವಾಷರು, ಒಂದು ಗೇಣು ಕಟ್ಟುವ ತಂತಿ ಇರಲಿ. ಲಾಕಿಲ್ಲದಿದ್ದರೆ ತಂತಿಯನ್ನು ಗ್ರೂವಿನಲ್ಲೇ ಎರಡು ಸುತ್ತು ಸುತ್ತಿ ತಿರುಚಿದರೆ ಮನೆ ಸೇರಿಸುತ್ತದೆ. ಸೈಕಲ್ ಟ್ಯೂಬಿನ ಚೂರನ್ನು ಪಿನ್ನಿನ ತುದಿಗೆ ಎಳೆದು ಕೂರಿಸಿದರೂ ಸ್ವಲ್ಪ ದೂರ ಬರುತ್ತದೆ. ನೇತಾಡುವ ಲಿವರನ್ನು ಹಾಗೇ ಬಿಟ್ಟು ಓಡಿಸಬೇಡಿ. ರಸ್ತೆಯ ಉಬ್ಬಿಗೆ ಬಡಿದರೆ ರಾಡೂ ಬಾಗುತ್ತದೆ, ಗೇರು ತಾನಾಗಿ ಬದಲಾಗಬಹುದು. ಎಡಗಡೆಗೆ ಒಮ್ಮೆ ಬಿದ್ದ ಗಾಡಿಯಾದರೆ, ಗೀರು ಎಲ್ಲಿ ಬಿತ್ತು ಎಂದು ಟ್ಯಾಂಕನ್ನು ನೋಡುವ ಮೊದಲು ಹಿಂದಿನಿಂದ ಮಲಗಿ ಆ ಪಿನ್ನಿನ ದಿಕ್ಕು ನೋಡಿ.

ಸಂಜೆ ಹುಡುಗ ಹೊರಟ. ಕೀಲಿ ಮೇಜಿನ ಮೇಲೇ ಇತ್ತು; ಅವನು ತಾನಾಗಿ ತೆಗೆದುಕೊಳ್ಳಲಿಲ್ಲ. ನಾವು ಕೊಟ್ಟೆವು. "ಅಮ್ಮನಿಗೆ ಏನು ಹೇಳಲಿ ಮಾವಾ?" ಎಂದ. ನಡೆದದ್ದನ್ನು ನಡೆದ ಹಾಗೆ ಹೇಳಪ್ಪಾ ಎಂದೆವು. ಅವನು ಹೆಲ್ಮೆಟ್ಟು ಹಾಕಿಕೊಂಡು ಸ್ವಲ್ಪ ಹೊತ್ತು ನಿಂತ. "ಮಾವಿನ ಹಣ್ಣಿನ ವಿಚಾರ ಬೇಡ ಬಿಡಿ ಮಾವಾ. ಲಾಕು ಹಳೇದಾಗಿತ್ತು ಅಂತೀನಿ" ಎಂದ.

ಬೇಡವೆಂದು ನಾವೇ ಅವನ ಹಿಂದೆ ಕುಳಿತು ಡೆಂಕಣಿಕೋಟೆಗೆ ಹೋದೆವು. ದಾರಿಯುದ್ದಕ್ಕೂ ಅವನ ಎಡಗಾಲನ್ನೇ ನೋಡುತ್ತಿದ್ದೆವು. ಹುಡುಗ ಗೇರನ್ನು ಒದೆಯುವುದಿಲ್ಲ. ಮೆಲ್ಲಗೆ, ಬೆರಳಿನ ತುದಿಯಿಂದ ಎತ್ತುತ್ತಾನೆ. ಅಕ್ಕನ ಮನೆಯ ಮುಂದೆ ಇಳಿದಾಗ ಅವಳು ಮೊದಲು ನೋಡಿದ್ದು ಲಿವರನ್ನು, ಆಮೇಲೆ ನಮ್ಮನ್ನು. "ಒಳಗೆ ಬಾ, ರಾಗಿ ಮುದ್ದೆ ಆಗಿದೆ" ಎಂದಳು. ಉಣ್ಣುತ್ತಾ ಹೇಳಿದೆವು.